ಅಪ್‌ಡೇಟ್: ಮುಂಗೈ ಸ್ನಾಯುಗಳು ಕೊನೆಗೂ ತಲೆಗೆ ಹತ್ತಿದವು
ಹೋದ ವಾರ ಕೇಳಿದ್ದೆ ಅಲ್ವಾ, ಮಂಗಳೂರಿನಲ್ಲಿ ಫಿಸಿಯೋಥೆರಪಿ ಮೊದಲ ವರ್ಷ, ಮುಂಗೈ ಸ್ನಾಯುಗಳು ಎಷ್ಟು ಓದಿದರೂ ನೆನಪಲ್ಲಿ ನಿಲ್ಲುತ್ತಿಲ್ಲ ಅಂತ. ಮೊನ್ನೆ ವೈವಾ (ಮೌಖಿಕ ಪರೀಕ್ಷೆ) ಮುಗಿಯಿತು, ಚೆನ್ನಾಗಿ ಆಯಿತು!

ಫ್ಲ್ಯಾಶ್ ಕಾರ್ಡ್ ನನಗೆ ಆಗಿಬರಲಿಲ್ಲ. ಹೆಸರು ಬಾಯಿಗೆ ಬರುತ್ತದೆ, ಆದರೆ ತೋರಿಸು ಅಂದರೆ ಕೈ ಎಲ್ಲಿಡಬೇಕು ಗೊತ್ತಾಗುವುದಿಲ್ಲ. ಕೆಲಸ ಮಾಡಿದ್ದು, ಮೈಮೇಲೆ ಬರೆದು ಮುಟ್ಟಿ ನೋಡು ಎಂದ ಸೀನಿಯರ್ ಅಕ್ಕನ ಮಾತು. ರೂಮ್‌ಮೇಟ್ ಕೈ ಮೇಲೆ, ಮೊಣಕೈ ಒಳಬದಿಯ ಮೂಳೆಯ ಉಬ್ಬಿನಿಂದ 4 ಗೆರೆ ಎಳೆದೆ, ಒಂದೊಂದು ಸ್ನಾಯುವಿಗೆ ಒಂದು: ಪ್ರೊನೇಟರ್ ಟೆರಿಸ್, ಫ್ಲೆಕ್ಸರ್ ಕಾರ್ಪಿ ರೇಡಿಯಾಲಿಸ್, ಪಾಲ್ಮಾರಿಸ್ ಲಾಂಗಸ್, ಫ್ಲೆಕ್ಸರ್ ಕಾರ್ಪಿ ಅಲ್ನಾರಿಸ್. ಕೊನೆಯದನ್ನು ಮಾತ್ರ ನಡೆಸುವುದು ಅಲ್ನಾರ್ ನರ್ವ್ (ನರ), ಉಳಿದ ಮೂರನ್ನೂ ಮೀಡಿಯನ್ ನರ್ವ್. ಮನೆಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುವಾಗಲೂ ಈಗ ನನ್ನ ಕಣ್ಣು ಅವರ ಮುಂಗೈ ಮೇಲೆಯೇ.

ಆಶ್ಚರ್ಯ ಆಗಿದ್ದು ಇದು. ಹೆಬ್ಬೆರಳು, ಕಿರುಬೆರಳು ಸೇರಿಸಿ ಮಣಿಕಟ್ಟು ಸ್ವಲ್ಪ ಮಡಚಿದರೆ ಪಾಲ್ಮಾರಿಸ್ ಲಾಂಗಸ್‌ನ ಟೆಂಡನ್ (ಸ್ನಾಯುವಿನ ತುದಿಯ ಹುರಿಯಂಥ ಭಾಗ) ಮಣಿಕಟ್ಟಿನ ನಡುವೆ ಎದ್ದು ಕಾಣುತ್ತದೆ, ಆದರೆ ರೂಮ್‌ಮೇಟ್‌ನ ಎಡಗೈಯಲ್ಲಿ ಕಾಣಲೇ ಇಲ್ಲ! ಕೆಲವರಿಗೆ ಹುಟ್ಟಿನಿಂದಲೇ ಈ ಸ್ನಾಯು ಇರುವುದಿಲ್ಲವಂತೆ, ಅದರಿಂದ ತೊಂದರೆಯೂ ಇಲ್ಲ.

ಅಂದಹಾಗೆ, ಬಾಲ್ ಪೆನ್ ಬೇಡ, ಐಬ್ರೋ ಪೆನ್ಸಿಲ್ ತಗೊಳ್ಳಿ. ಇಲ್ಲಿನ ಸೆಕೆಗೆ ಬೆವರಿ ಗೆರೆ ಬೇಗ ಅಳಿಸುತ್ತದೆ, ಫ್ಯಾನ್ ಕೆಳಗೆ ಕೂತು ಬರೆಯಿರಿ.