ಗ್ಲುಟೆನ್ ಬಿಟ್ಟ ಮಗನಿಗೆ ಮದುವೆಮನೆಯ ಊಟ, ಹೋಟೆಲಿನ ತಿಂಡಿ

ಪ್ರಶ್ನೆ (ಶಿವಮೊಗ್ಗದಿಂದ)

ನಮ್ಮ ಹನ್ನೊಂದು ವರ್ಷದ ಮಗನಿಗೆ ಸೀಲಿಯಾಕ್ ಕಾಯಿಲೆ ಇರುವುದು ರಕ್ತಪರೀಕ್ಷೆ ಮತ್ತು ಸಣ್ಣಕರುಳಿನ ಬಯಾಪ್ಸಿಯಿಂದ ಖಚಿತವಾಗಿದೆ. ಗ್ಲುಟೆನ್ ಎಂಬ ಪ್ರೋಟೀನ್ ಇರುವ ಗೋಧಿ, ಮೈದಾ, ರವೆ, ಬಾರ್ಲಿ ಇವುಗಳನ್ನು ಜೀವನಪೂರ್ತಿ ಬಿಡಬೇಕೆಂದು ವೈದ್ಯರು ಹೇಳಿದ್ದಾರೆ. ಅಕ್ಕಿ, ರಾಗಿ, ಜೋಳ ನಮಗೆ ಹೊಸದಲ್ಲವಾದ್ದರಿಂದ ಮನೆಯ ಅಡುಗೆಗೆ ಅಷ್ಟೇನೂ ತೊಂದರೆಯಾಗಿಲ್ಲ. ಆದರೆ ಫಾಲ್ಗುಣದಲ್ಲಿ ನನ್ನ ತಂಗಿಯ ಮದುವೆಯಿದೆ. ನಾಂದಿ, ಧಾರೆ, ಆರತಕ್ಷತೆ, ಆಮೇಲೆ ಸತ್ಯನಾರಾಯಣ ಪೂಜೆ ಎಂದು ಸಾಲಾಗಿ ಹೊರಗಿನ ಊಟ. ಅದಕ್ಕೂ ಮೊದಲು ಜವಳಿಗೆಂದು ಬೆಂಗಳೂರಿಗೆ ಹೋದಾಗ ಹೋಟೆಲೇ ಗತಿ. ‘ಒಂದು ಹೋಳಿಗೆ ತಿಂದರೆ ಏನಾಗಿಬಿಡುತ್ತದೆ’ ಎನ್ನುವ ನೆಂಟರಿಗೆ ಉತ್ತರ ಹೇಳಿ ಸಾಕಾಗಿದೆ. ಎಲ್ಲರೂ ಪಂಕ್ತಿಯಲ್ಲಿ ಕುಳಿತಿರುವಾಗ ಇವನೊಬ್ಬ ಡಬ್ಬಿ ಬಿಚ್ಚಿಕೊಂಡು ಮೂಲೆ ಸೇರುವುದು ನನಗೆ ಇಷ್ಟವಿಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಬೆಂಗಳೂರಿನಿಂದ)

ನನಗೂ ಇದೇ ಕಾಯಿಲೆಯಿದೆ. ಹೋಟೆಲಿನಲ್ಲಿ ‘ಇದರಲ್ಲಿ ಗೋಧಿ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಮಾಣಿ ಸುಳ್ಳು ಹೇಳುತ್ತಿದ್ದಾನೆಂದಲ್ಲ, ಅವನ ಲೆಕ್ಕದಲ್ಲಿ ಗೋಧಿಯೆಂದರೆ ಚಪಾತಿ. ಆದ್ದರಿಂದ ಮೈದಾ, ರವೆ, ಶಾವಿಗೆ ಎಂದು ಒಂದೊಂದನ್ನೂ ಹೆಸರಿಸಿ, ಸಾಧ್ಯವಾದರೆ ಅಡುಗೆಯವರನ್ನೇ ಕೇಳಿ. ಉಪ್ಪಿಟ್ಟು, ಕೇಸರಿಬಾತು, ರವೆ ಇಡ್ಲಿ, ಗೋಳಿಬಜೆ, ಮದ್ದೂರು ವಡೆ ಇವು ಬೇಡವೆಂದು ನಿಮಗೆ ಗೊತ್ತೇ ಇರುತ್ತದೆ. ಗೊತ್ತಾಗದೆ ಹೊಟ್ಟೆ ಸೇರುವುದು ಹಿಂಗಿನ ಮೂಲಕ. ಅಂಗಡಿಯಲ್ಲಿ ಸಿಗುವ ಕೂಟು ಹಿಂಗಿನಲ್ಲಿ ನಿಜವಾದ ಹಿಂಗು ಸ್ವಲ್ಪವೇ. ಉಳಿದದ್ದು ಗೋಂದು ಮತ್ತು ಹಿಟ್ಟು, ಆ ಹಿಟ್ಟು ಬಹಳ ಸಲ ಗೋಧಿಯದು. ಸಾರು, ಸಾಂಬಾರು, ಕೋಸಂಬರಿಯ ಒಗ್ಗರಣೆ, ಪುಳಿಯೋಗರೆಯ ಗೊಜ್ಜು, ಉಪ್ಪಿನಕಾಯಿ ಎಲ್ಲದರಲ್ಲಿಯೂ ಅದು ಇರುತ್ತದೆ.

ಇನ್ನು ದೋಸೆಯ ಕಾವಲಿ. ದರ್ಶಿನಿಗಳಲ್ಲಿ ಒಂದೇ ಕಾವಲಿಯ ಮೇಲೆ ರವೆ ದೋಸೆಯನ್ನೂ ಮಸಾಲೆ ದೋಸೆಯನ್ನೂ ಹೊಯ್ಯುತ್ತಾರೆ; ನಡುವೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸಿದರೆ ಅದೇ ಶುದ್ಧಿ. ಪೊರಕೆಯ ಕಡ್ಡಿಗಳಿಗೆ ಅಂಟಿದ ಹಿಟ್ಟು ಮುಂದಿನ ದೋಸೆಗೆ ಬರುತ್ತದೆ. ಪೂರಿ ಕರಿದ ಎಣ್ಣೆಯಲ್ಲಿ ಕರಿದ ಹಪ್ಪಳ, ಉದ್ದಿನ ವಡೆಗಳಿಗೂ ಇದೇ ಮಾತು, ಏಕೆಂದರೆ ಗ್ಲುಟೆನ್ ಕಾವಿಗೆ ನಾಶವಾಗುವುದಿಲ್ಲ. ‘ಗ್ಲುಟೆನ್ ರಹಿತ’ ಎಂದು ಮುದ್ರಿಸಬೇಕಾದರೆ ಒಂದು ಕಿಲೋ ಆಹಾರದಲ್ಲಿ 20 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಅದನ್ನು ನೋಡಿದರೆ ಒಂದು ಚೂರಿಗೆ ಇಷ್ಟೇಕೆ ಹೆದರಬೇಕೆಂಬುದು ತಿಳಿಯುತ್ತದೆ. ನಾನು ಹೊರಗೆ ತಿನ್ನುವುದು ಅಕ್ಕಿ ಇಡ್ಲಿ, ಅನ್ನ, ಮೊಸರು, ತುಪ್ಪ. ಚಟ್ನಿಪುಡಿ ಚೀಲದಲ್ಲಿಯೇ ಇರುತ್ತದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ಅಲರ್ಜಿಕಾರಕಗಳ ಮಾಹಿತಿ ಕೊಡಬೇಕೆಂಬ ನಿಯಮವೂ ಇದೆ, ಅದನ್ನು ಧೈರ್ಯವಾಗಿ ಕೇಳಿ ಪಡೆಯಿರಿ. ಗೋಬಿ ಮಂಚೂರಿಯಂತೂ ಬೇಡವೇ ಬೇಡ. ಮೈದಾ ಬಿಟ್ಟು ಮಾಡುತ್ತೇವೆಂದರೂ ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ.

ನೆಂಟರಿಗೆ ಇಷ್ಟು ಹೇಳಿ: ಇದು ಅಜೀರ್ಣವಲ್ಲ, ಗ್ಲುಟೆನ್ ಒಳಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರವನ್ನು ಹಾಳುಮಾಡುತ್ತದೆ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಸರಿಯಾಗಿ ಹೀರಿಕೆಯಾಗದೆ ಮಗುವಿನ ಬೆಳವಣಿಗೆ ಕುಂಠಿತವಾಗಬಹುದು, ಹೊಟ್ಟೆನೋವು ಬಾರದ ದಿನವೂ ಈ ಹಾನಿ ಆಗುತ್ತಿರಬಹುದು.

ಉತ್ತರ 2 (ಸಾಗರದಿಂದ)

ನಾನು ಮದುವೆ, ಉಪನಯನಗಳ ಅಡುಗೆಗೆ ಹೋಗುವವನು. ಒಬ್ಬನಿಗಾಗಿ ಬೇರೆ ಅಡುಗೆ ಮಾಡುವುದಕ್ಕಿಂತ ಎಲ್ಲರ ಅಡುಗೆಯನ್ನೇ ಅವನಿಗೆ ಆಗುವಂತೆ ಆದಷ್ಟು ಬದಲಿಸುವುದು ನಮಗೆ ಸುಲಭ. ಇಡೀ ಅಡುಗೆಮನೆಗೆ ಅಕ್ಕಿಹಿಟ್ಟಿನ ಹಿಂಗು ತರಿಸಿ. ಸಾರಿನ ರುಚಿಯಲ್ಲಿ ವ್ಯತ್ಯಾಸ ಯಾರಿಗೂ ತಿಳಿಯುವುದಿಲ್ಲ, ಒಟ್ಟು ಖರ್ಚಿನಲ್ಲಿ ಅದು ಲೆಕ್ಕಕ್ಕೂ ಬರುವುದಿಲ್ಲ. ಶಾವಿಗೆ ಪಾಯಸದ ಬದಲು ಗಸಗಸೆ ಅಥವಾ ಹೆಸರುಬೇಳೆ ಪಾಯಸವಿರಲಿ, ಚಿರೋಟಿಯ ಬದಲು ಹಾಲುಬಾಯಿ ಮಾಡಿಸಿ. ಹೋಳಿಗೆ ಬೇಡವೆಂದರೆ ಹಿರಿಯರು ಒಪ್ಪುವುದಿಲ್ಲ, ಅದಿರಲಿ. ಆದರೆ ಕಣಕ ಕಲಸುವ ಜಾಗ ದೂರವಿರಬೇಕು, ಗೋಧಿಯ ಹಿಟ್ಟಿನ ಚೀಲ ಬಿಚ್ಚುವ ಮೊದಲೇ ಅವನ ಪಾಲಿನ ಪಲ್ಯ, ಹುಳಿ, ಸಾರು ಮುಚ್ಚಳದ ಪಾತ್ರೆಗಳಿಗೆ ಹೋಗಬೇಕು. ಹಪ್ಪಳ, ಸಂಡಿಗೆಯನ್ನು ಹೊಸ ಎಣ್ಣೆಯಲ್ಲಿ ಮೊದಲು ಕರಿದಿಡಲಿ. ಚಕ್ಕುಲಿಯ ಹಿಟ್ಟಿನ ಬಗ್ಗೆ ಒಂದು ಎಚ್ಚರಿಕೆ: ಊರ ಗಿರಣಿಯಲ್ಲಿ ನಿಮಗಿಂತ ಮುಂಚೆ ಬೀಸಿದವರ ಗೋಧಿ ಕಲ್ಲಿನಲ್ಲಿ ಉಳಿದಿರುತ್ತದೆ, ಅದಕ್ಕೆ ಮನೆಯಲ್ಲೇ ಬೀಸಿಕೊಳ್ಳಿ.

ಬಡಿಸುವಾಗ ಆಗುವ ಎಡವಟ್ಟೇ ಹೆಚ್ಚು. ಹೋಳಿಗೆ ಹಿಡಿದ ಕೈಯಲ್ಲೇ ಕೋಸಂಬರಿ ಬಡಿಸುತ್ತಾರೆ, ಅವಸರದಲ್ಲಿ ಸೌಟುಗಳು ಅದಲುಬದಲಾಗುತ್ತವೆ. ಮೊದಲ ಪಂಕ್ತಿಯ ತುದಿಯ ಎಲೆ ಅವನದಾಗಲಿ, ಆ ಎಲೆಗೆ ಮನೆಯವರೊಬ್ಬರೇ ಬಡಿಸಲಿ. ಆರತಕ್ಷತೆಯ ಬಫೆಯನ್ನು ಮಾತ್ರ ನಾನು ನಂಬುವುದಿಲ್ಲ. ಕೂರ್ಮ ಗಟ್ಟಿಯಾಗಲೆಂದು ಮೈದಾ ಕದಡಿ ಹಾಕುವವರಿದ್ದಾರೆ. ಅಲ್ಲಿ ಹೊಸ ಕಾವಲಿಯಿಟ್ಟು ನೀರುದೋಸೆಯ ಕೌಂಟರ್ ಮಾಡಿಸಿ. ಅಕ್ಕಿ, ಉಪ್ಪು, ನೀರು ಬಿಟ್ಟರೆ ಅದರಲ್ಲಿ ಮತ್ತೇನೂ ಇಲ್ಲ, ಉಳಿದ ಅತಿಥಿಗಳೂ ಅಲ್ಲಿಯೇ ಸಾಲು ನಿಲ್ಲುತ್ತಾರೆ.

ಉತ್ತರ 3 (ಹುಬ್ಬಳ್ಳಿಯಿಂದ)

ನಮ್ಮ ಕಡೆಗೆ ಬಂದರೆ ಖಾನಾವಳಿಯ ಜೋಳದ ರೊಟ್ಟಿ ಒಳ್ಳೆಯ ಆಯ್ಕೆ. ಆದರೆ ರೊಟ್ಟಿ ಮುರಿಯಬಾರದೆಂದು ಸ್ವಲ್ಪ ಗೋಧಿಹಿಟ್ಟು ಬೆರೆಸುವವರೂ, ಚಪಾತಿಯ ಹಂಚಿನಲ್ಲಿಯೇ ಬೇಯಿಸುವವರೂ ಇದ್ದಾರೆ, ಎರಡನ್ನೂ ವಿಚಾರಿಸಿ. ಬಹುಧಾನ್ಯ ಎಂದು ಹೆಸರಿಟ್ಟ ಹಿಟ್ಟುಗಳಲ್ಲಿ ಗೋಧಿಯೇ ಮುಂದಾಳು, ಅವುಗಳ ಗೊಡವೆ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹಿಂಗಿನ ವಿಷಯವನ್ನು ಅಡುಗೆಯವರ ಹತ್ತಿರ ಇಂದೇ ಮಾತನಾಡುತ್ತೇನೆ. ಉಳಿದಿರುವುದು ಸತ್ಯನಾರಾಯಣ ಪೂಜೆಯ ಪ್ರಸಾದ. ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಸೇರಿದ ಸಪಾದ ಅದು. ಮಗ ಅದನ್ನು ಮುಟ್ಟದಿದ್ದರೆ ನಮ್ಮ ಅತ್ತೆಯವರಿಗೆ ನೋವಾಗುತ್ತದೆ.

ಉತ್ತರ 2ರವರು

ಇದಕ್ಕೆ ದಾರಿ ವ್ರತಕಥೆಯಲ್ಲಿಯೇ ಇದೆ. ನೈವೇದ್ಯಕ್ಕೆ ಗೋಧಿಯ ಹಿಟ್ಟು ಹೇಳಿ, ಅದು ಇಲ್ಲದಿದ್ದರೆ ಅಕ್ಕಿಹಿಟ್ಟು ಆಗಬಹುದೆಂದು ಅಲ್ಲಿ ಬಂದಿದೆ. ಪುರೋಹಿತರಿಂದಲೇ ಆ ಮಾತನ್ನು ಅತ್ತೆಯವರಿಗೆ ಹೇಳಿಸಿ, ಎಲ್ಲರಿಗೂ ಅಕ್ಕಿತರಿಯ ಸಪಾದವನ್ನೇ ಮಾಡಿಸಿ. ತರಿಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿದು, ರವೆಗಿಂತ ಸ್ವಲ್ಪ ಹೆಚ್ಚು ಹಾಲು ಹಿಡಿದರೆ ಉದುರುದುರಾಗದೆ ಮೆತ್ತಗೆ ಬರುತ್ತದೆ. ಅಂದು ಉಪವಾಸವಿರುವವರಿಗೆಂದು ಫಲಾಹಾರ ಮಾಡಿದರೆ ಅದನ್ನೂ ಗಮನಿಸಿ. ನಮ್ಮಲ್ಲಿ ಫಲಾಹಾರವೆಂದರೆ ಗೋಧಿರವೆಯ ಉಪ್ಪಿಟ್ಟೇ ಬರುವುದು ಹೆಚ್ಚು, ಅವನಿಗೆ ಅವಲಕ್ಕಿ ಎತ್ತಿಡಿ.