ಅಲ್‌ಬಿರೂನಿಯನ್ನು ಅನುವಾದಿಸಿದ ಎಡ್ವರ್ಡ್ ಸಚೌ ಯಾರು? ಓದಿದವರು ಹೇಳಿ

ಠಾಣೆ ಓದುಗ:
ಎಲ್ಲರಿಗೂ ನಮಸ್ಕಾರ. ಹನ್ನೊಂದನೇ ಶತಮಾನದ ವಿದ್ವಾಂಸ ಅಲ್‌ಬಿರೂನಿ ಭಾರತದ ಬಗ್ಗೆ ಅರಬ್ಬಿಯಲ್ಲಿ ಬರೆದ ಪುಸ್ತಕವನ್ನು ಇಂಗ್ಲಿಷ್ ಅನುವಾದದಲ್ಲಿ ಓದುತ್ತಿದ್ದೇನೆ. ಲೋಕಲ್‌ನಲ್ಲಿ ಸೀಟು ಸಿಕ್ಕ ದಿನ ಒಂದಷ್ಟು ಪುಟ ಸಾಗುತ್ತದೆ. ಕೊಂಕಣದ ರಾಜಧಾನಿ ಸಮುದ್ರದಂಡೆಯ ‘ತಾಣ’ ಎಂಬ ಊರು ಅಂತ ಒಂದು ಕಡೆ ಬರುತ್ತದೆ. ಅದು ನಮ್ಮ ಠಾಣೆಯೇ ಅಲ್ವಾ? 1030ರ ಸುಮಾರಿಗೆ ಈಗಿನ ಅಫ್ಘಾನಿಸ್ತಾನದ ಘಜ್ನಿಯಲ್ಲಿದ್ದವನಿಗೆ ನಮ್ಮೂರು ಗೊತ್ತಿತ್ತು ಅಂದರೆ ಮೈ ಜುಮ್ಮೆನ್ನುತ್ತದೆ. ಆದರೆ ನನ್ನ ಪ್ರಶ್ನೆ ಅನುವಾದಕನ ಬಗ್ಗೆ. ಸಚೌ ಜರ್ಮನ್ ಅಂತ ಮಾತ್ರ ಗೊತ್ತು. ಜರ್ಮನಿಯವನು ಅರಬ್ಬಿ ಪುಸ್ತಕವನ್ನು ಇಂಗ್ಲಿಷಿಗೆ ಯಾಕೆ ತಂದ? ಅವನ ಅನುವಾದವನ್ನು ನಂಬಬಹುದಾ?

ಕೊತ್ರೂಡ್ ಕನ್ನಡಿಗ, ಪುಣೆ:
ಹೌದು ಸರ್, ಅದು ನಿಮ್ಮ ಠಾಣೆಯೇ, ಆಗ ಅಲ್ಲಿ ಶಿಲಾಹಾರ ವಂಶದ ಅರಸರು ಆಳುತ್ತಿದ್ದರು.

ಸಚೌ ಹುಟ್ಟಿದ್ದು 1845ರಲ್ಲಿ, ಉತ್ತರ ಜರ್ಮನಿಯ ನೋಯ್‌ಮ್ಯುನ್‌ಸ್ಟರ್‌ನಲ್ಲಿ. ಮೊದಲು ವಿಯೆನ್ನಾದಲ್ಲಿ ಪ್ರೊಫೆಸರ್, 1876ರಿಂದ ಬರ್ಲಿನ್‌ನಲ್ಲಿ. ತೀರಿಕೊಂಡಿದ್ದು 1930ರಲ್ಲಿ. ಇವರ ಕೆಲಸದ ರೀತಿ ನೋಡಿ: ಸಿಕ್ಕ ಪುಸ್ತಕವನ್ನು ಸುಮ್ನೆ ಅನುವಾದ ಮಾಡಿದವರಲ್ಲ, ಮೊದಲು ಹಸ್ತಪ್ರತಿ ಹಿಡಿದು ಅರಬ್ಬಿ ಪಠ್ಯವನ್ನೇ ಸರಿಪಡಿಸಿ ಅಚ್ಚು ಹಾಕಿಸುತ್ತಿದ್ದರು, ಆಮೇಲೆ ಅನುವಾದ. ಅಲ್‌ಬಿರೂನಿಯದೇ ಇನ್ನೊಂದು ಪುಸ್ತಕ, ಬೇರೆ ಬೇರೆ ಜನಾಂಗಗಳ ಕಾಲಗಣನೆಯದ್ದು, 1878ರಲ್ಲಿ ಲೈಪ್‌ಜಿಗ್‌ನಲ್ಲಿ ಅರಬ್ಬಿಯಲ್ಲಿ ಬಂತು, ಮರುವರ್ಷ ಲಂಡನ್‌ನಲ್ಲಿ ಇಂಗ್ಲಿಷಿನಲ್ಲಿ. ಭಾರತದ ಪುಸ್ತಕವೂ ಹಾಗೆಯೇ, 1887ರಲ್ಲಿ ಅರಬ್ಬಿ, 1888ರಲ್ಲಿ ಇಂಗ್ಲಿಷ್, ಎರಡು ಸಂಪುಟ. ಎರಡನ್ನೂ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದು ಲಂಡನ್. ಭಾರತದ ವಿಷಯಕ್ಕೆ ಆಗ ಓದುಗರು ಅಲ್ಲೇ ಜಾಸ್ತಿ ಇದ್ದರು, ಕಾರಣ ಅದೇ ಅಂತ ನನಗನ್ನಿಸುತ್ತದೆ.

ಭಾರತದ ಪುಸ್ತಕಕ್ಕೆ ಸಚೌ ಬರೆದ ಮುನ್ನುಡಿಯನ್ನು ದಯವಿಟ್ಟು ಬಿಡಬೇಡಿ. ಕತ್ತಿ ಝಳಪಿಸುವ, ಊರು ಸುಡುವ, ದೇವಸ್ಥಾನ ದೋಚುವ ಕಾಲದ ಮಧ್ಯೆ ಈ ಪುಸ್ತಕ ಪಕ್ಷಪಾತವಿಲ್ಲದ ಶಾಂತ ಅಧ್ಯಯನದ ಒಂದು ದ್ವೀಪ ಅನ್ನೋ ಅರ್ಥದ ಮಾತು ಅಲ್ಲಿದೆ. ಸಚೌಗೆ ಅಲ್‌ಬಿರೂನಿ ಮೇಲೆ ಎಷ್ಟು ಗೌರವ ಇತ್ತು ಅಂತ ಅದರಲ್ಲೇ ಕಾಣುತ್ತದೆ.

ಮಡಗಾಂವ್‌ನಿಂದ:
ಕೊಂಕಣದ ಮಾತು ಬಂತಲ್ಲ, ಶರವ ಅನ್ನುವ ಪ್ರಾಣಿಯ ಭಾಗ ಓದಿದ್ರಾ? ನಮ್ಮ ಪುರಾಣಗಳ ಶರಭವೇ. ಎಮ್ಮೆಯ ಹಾಗಿದೆ, ಖಡ್ಗಮೃಗಕ್ಕಿಂತ ದೊಡ್ಡದು, ಬೆನ್ನ ಮೇಲೂ ಕಾಲಿನಂಥ ನಾಲ್ಕು ಅಂಗ ಮೇಲ್ಮುಖವಾಗಿವೆ, ಕೊಂಬಿನಿಂದ ಆನೆಯನ್ನೇ ಸೀಳಿಹಾಕುತ್ತದೆ. ಗುಡುಗು ಕೇಳಿದರೆ ಇನ್ನೊಂದು ಪ್ರಾಣಿಯ ಕೂಗು ಅಂದುಕೊಂಡು ಬೆಟ್ಟದ ತುದಿಗೆ ಹತ್ತಿ, ಅಲ್ಲಿಂದ ಜಿಗಿದು ಚೂರುಚೂರಾಗುತ್ತದಂತೆ. ಅಲ್‌ಬಿರೂನಿ ಇದನ್ನು ಜನ ಹೇಳುವ ಮಾತು ಅಂತಲೇ ಬರೆದಿದ್ದಾನೆ, ಸಚೌ ಕೂಡ ಅದನ್ನು ಹಾಗೇ ಉಳಿಸಿದ್ದಾರೆ. ನಂಬಬಹುದಾ ಅಂತ ಕೇಳಿದ್ರಲ್ಲ, ನನಗೆ ನಂಬಿಕೆ ಬಂದದ್ದು ಇಂಥ ಕಡೆಯೇ. ಕಥೆಗೆ ಬಣ್ಣ ಹಚ್ಚಿಲ್ಲ, ಕತ್ತರಿಯನ್ನೂ ಹಾಕಿಲ್ಲ.

ಡೊಂಬಿವಲಿ:
ಒಂದು ವಿಷಯ ಯಾರೂ ಹೇಳಲಿಲ್ಲ. 16ನೇ ಅಧ್ಯಾಯ ತೆಗೆಯಿರಿ, ಲಿಪಿಗಳ ಪಟ್ಟಿ ಇದೆ. ಕರ್ನಾಟ ಲಿಪಿ ಕರ್ನಾಟದೇಶದಲ್ಲಿ ಬಳಕೆಯಲ್ಲಿದೆ, ಸೈನ್ಯಗಳಲ್ಲಿ ಕನ್ನರ ಅಂತ ಹೆಸರಾದ ದಂಡಿನವರು ಅಲ್ಲಿಂದಲೇ ಬರುತ್ತಾರೆ ಅಂತ ಬರೆದಿದ್ದಾನೆ! ಕಲ್ಯಾಣ ಚಾಲುಕ್ಯರ ಕಾಲ ಅದು. ಅಲ್‌ಬಿರೂನಿ ತಾನು ನೋಡಿದ್ದೇನೆ ಅಂತ ಹೇಳುವ ಊರುಗಳೆಲ್ಲ ಕಾಬೂಲ್‌ನಿಂದ ಮುಲ್ತಾನ್, ಲಾಹೋರ್ ಕಡೆಯವು. ಅಂದರೆ ನಮ್ಮ ಸೈನಿಕರ ಹೆಸರು ಅಷ್ಟು ದೂರ ಮುಟ್ಟಿತ್ತು. ಸಚೌ ಆ ಹಸ್ತಪ್ರತಿಯ ಹಿಂದೆ ಬೀಳದಿದ್ದರೆ ಈ ಸಾಲು ನಮಗೆ ಯಾವಾಗ ಸಿಗುತ್ತಿತ್ತೋ.

ಠಾಣೆ ಓದುಗ:
ತುಂಬಾ ಥ್ಯಾಂಕ್ಸ್. 16ನೇ ಅಧ್ಯಾಯವನ್ನು ಇವತ್ತು ರಾತ್ರಿಯೇ ಓದುತ್ತೇನೆ. ಅರಬ್ಬಿ ಬಲ್ಲ ಗೆಳೆಯನೊಬ್ಬ ಮುಂಬ್ರಾದಲ್ಲಿದ್ದಾನೆ, ಅವನ ಜೊತೆ ಕೂತು ಮೂಲ ನೋಡುವ ಆಸೆ. ಯಾವ ಮುದ್ರಣ ಒಳ್ಳೆಯದು?

ಕೊತ್ರೂಡ್ ಕನ್ನಡಿಗ, ಪುಣೆ:
ಹೈದರಾಬಾದ್‌ನಲ್ಲಿ 1958ರಲ್ಲಿ ಅಚ್ಚಾದ ಅರಬ್ಬಿ ಪಠ್ಯ ಹುಡುಕಿ. ಪಕ್ಕದಲ್ಲಿ ಸಚೌ ಅವರ ಎರಡನೇ ಸಂಪುಟ ಇಟ್ಟುಕೊಳ್ಳಿ, ಟಿಪ್ಪಣಿಗಳೆಲ್ಲ ಅದರ ಕೊನೆಯಲ್ಲಿವೆ.