ಶ್ರೋಡಿಂಗರ್ ಉಪನಿಷತ್ತು ಓದಿದ್ದು ನಿಜ, ಆಮೇಲೆ?

ದಾವಣಗೆರೆ ಬೆಣ್ಣೆ:
ಬೆಳಗ್ಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಭೌತವಿಜ್ಞಾನಿ ಶ್ರೋಡಿಂಗರ್ ತನ್ನ ಸಮೀಕರಣವನ್ನು ಉಪನಿಷತ್ತಿನಿಂದಲೇ ತೆಗೆದನಂತೆ. ನೋಡುವವನಿಲ್ಲದೆ ಜಗತ್ತಿಲ್ಲ ಅಂತ ಋಷಿಗಳು ಹೇಳಿದ್ದನ್ನು ಕ್ವಾಂಟಮ್, ಅಂದರೆ ಪರಮಾಣುವಿನಂಥ ಅತಿ ಸಣ್ಣ ವಸ್ತುಗಳ ಭೌತಶಾಸ್ತ್ರ, ಈಗ ಒಪ್ಪಿಕೊಂಡಿದೆಯಂತೆ. ಕಳಿಸಿದ್ದು ದೊಡ್ಡಪ್ಪ. ಎದುರು ಮಾತಾಡೋ ಹಾಗಿಲ್ಲ, ಸುಮ್ನೆ ಇರೋಕೂ ಆಗುತ್ತಿಲ್ಲ. ಇದರಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ?

ಹಳೇ ಮೇಷ್ಟ್ರು:
ಅರ್ಧ ನಿಜ ಕಣಪ್ಪ, ಕಷ್ಟ ಇರೋದೇ ಅಲ್ಲಿ. ಶ್ರೋಡಿಂಗರ್‌ಗೆ ವೇದಾಂತ ಅಂದರೆ ಪ್ರೀತಿ. ಜರ್ಮನ್ ತತ್ತ್ವಜ್ಞಾನಿ ಷೋಪೆನ್‌ಹೂವರ್‌ನನ್ನು ಓದಿ ಅದರ ರುಚಿ ಹತ್ತಿತ್ತು. 1944ರಲ್ಲಿ ಜೀವ ಅಂದರೇನು ಅಂತ ಬರೆದ ಪುಟ್ಟ ಪುಸ್ತಕದ ಕೊನೆಗೆ ಆತ್ಮವೇ ಬ್ರಹ್ಮ ಅನ್ನುವ ಮಾತನ್ನು ತಂದಿದ್ದಾನೆ.

ಸಮೀಕರಣ ಹುಟ್ಟಿದ್ದು ಮಾತ್ರ ಬೇರೆ ದಾರಿಯಲ್ಲಿ. 1924ರಲ್ಲಿ ಫ್ರೆಂಚ್ ವಿಜ್ಞಾನಿ ಡಿ ಬ್ರಾಯ್ ಎಲೆಕ್ಟ್ರಾನಿಗೂ ಅಲೆಯ ಗುಣ ಇದೆ ಅಂದ. ಜ್ಯೂರಿಕ್‌ನಲ್ಲಿ ಶ್ರೋಡಿಂಗರ್ ಅದನ್ನು ವಿವರಿಸಿದಾಗ, ಅಲೆ ಅಂತೀಯಲ್ಲ, ಅದರ ಸಮೀಕರಣ ಎಲ್ಲಿ ಅಂತ ಅಲ್ಲಿನ ಇನ್ನೊಬ್ಬ ವಿಜ್ಞಾನಿ ಡಿಬೈ ಕೇಳಿದನಂತೆ. 1925ರ ಕ್ರಿಸ್‌ಮಸ್ ರಜೆಗೆ ಆರೋಸಾ ಬೆಟ್ಟಕ್ಕೆ ಹೋದವನು ಅಲ್ಲಿ ಕೂತು ಲೆಕ್ಕ ಹಾಕಿದ. ಹೈಡ್ರೋಜನ್ ಪರಮಾಣುವಿನ ಶಕ್ತಿಮಟ್ಟಗಳು ಸರಿಯಾಗಿ ಬಂದವು, 1926ರಲ್ಲಿ ಪ್ರಕಟಿಸಿದ. ಬರದೇ ಹೋಗಿದ್ದರೆ ಯಾವ ಉಪನಿಷತ್ತೂ ಅದನ್ನು ಉಳಿಸುತ್ತಿರಲಿಲ್ಲ.

ಗರುಡಗಂಬ:
ಅವನೊಬ್ಬನೇ ಆಗಿದ್ದರೆ ಒಪ್ಪುತ್ತಿದ್ದೆ ಮೇಷ್ಟ್ರೇ. ಅಣುಬಾಂಬಿನ ಓಪನ್‌ಹೈಮರ್ ಅಮೆರಿಕದ ಬರ್ಕ್ಲಿಯಲ್ಲಿ ಸಂಸ್ಕೃತ ಕಲಿತು ಗೀತೆ ಓದಿದ. ಪರಮಾಣು ವಿಜ್ಞಾನಿ ಬೋರ್‌ಗೆ 1947ರಲ್ಲಿ ಡೆನ್ಮಾರ್ಕಿನ ಆನೆ ಹೆಸರಿನ ಬಿರುದು ಬಂದಾಗ ತನ್ನ ಲಾಂಛನಕ್ಕೆ ಚೀನಾದ ಯಿನ್-ಯಾಂಗ್ ಚಿಹ್ನೆ ಹಾಕಿಸಿಕೊಂಡ. ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್ ಅಂಗಳದಲ್ಲಿ 2 ಮೀಟರ್ ಎತ್ತರದ ನಟರಾಜ ನಿಂತಿದ್ದಾನೆ, 2004ರಲ್ಲಿ ಭಾರತ ಸರ್ಕಾರ ಕೊಟ್ಟಿದ್ದು. ಇಷ್ಟು ಜನಕ್ಕೆ ಒಟ್ಟಿಗೆ ಮರುಳು ಹಿಡಿಯಿತಾ?

ಲ್ಯಾಬ್ ಕೋಟು:
ಮರುಳು ಅಂತ ಯಾರೂ ಹೇಳಲಿಲ್ಲ ಸರ್. ನನ್ನ ತಕರಾರು ‘ನೋಡುವವನು’ ಅನ್ನುವ ಒಂದು ಪದದ ಮೇಲೆ. ಎಲೆಕ್ಟ್ರಾನುಗಳನ್ನು ಎರಡು ಸೀಳುಗಳ ಮೂಲಕ ಬಿಟ್ಟರೆ ಹಿಂದಿನ ಪರದೆ ಮೇಲೆ ಅಲೆಗಳ ಹಾಗೆ ಪಟ್ಟೆಗಳು ಮೂಡುತ್ತವೆ. ಯಾವ ಸೀಳಿನಲ್ಲಿ ಹೋಯಿತು ಅಂತ ಪತ್ತೆ ಮಾಡಿದರೆ ಆ ಪಟ್ಟೆಗಳು ಮಾಯ. ಇಷ್ಟು ಕೇಳಿದ ತಕ್ಷಣ ಮನಸ್ಸು ಜಗತ್ತನ್ನು ಬದಲಿಸುತ್ತದೆ ಅಂತ ಹಾರಿಬಿಡುತ್ತಾರೆ.

ವಿಯೆನ್ನಾದವರು 1999ರಲ್ಲಿ 60 ಕಾರ್ಬನ್ ಪರಮಾಣುಗಳ ಫುಟ್‌ಬಾಲ್ ಆಕಾರದ ಅಣುಗಳಲ್ಲೂ ಇಂಥ ಪಟ್ಟೆ ತೋರಿಸಿದರು. 2004ರಲ್ಲಿ 70 ಕಾರ್ಬನ್ನಿನ ಅಣುಗಳನ್ನು ದಾರಿಯಲ್ಲಿ ಲೇಸರ್‌ನಿಂದ ಕಾಯಿಸಿದರು. ಕಾದ ಕಬ್ಬಿಣ ಕೆಂಪಗಾಗುವ ಹಾಗೆ ಕಾದ ಅಣುವೂ ಬೆಳಕು ಉಗುಳುತ್ತದೆ. ಆ ಬೆಳಕಿನ ಕಣ ಅಣು ಎಲ್ಲಿತ್ತು ಅನ್ನುವ ಸುಳಿವು ಹೊತ್ತು ಹೋಗುತ್ತದೆ. ಬಿಸಿ ಜಾಸ್ತಿ ಮಾಡಿದಷ್ಟೂ ಪಟ್ಟೆ ಮಸುಕಾಗಿ ಕೊನೆಗೆ ಅಳಿಸಿಹೋಯಿತು. ಆ ಬೆಳಕನ್ನು ಯಾರೂ ಹಿಡಿಯಲಿಲ್ಲ, ನೋಡಲಿಲ್ಲ. ಸುಳಿವು ಹೊರಗೆ ಸೋರಿದ್ದೇ ಸಾಕಾಯಿತು.

ಶೃಂಗೇರಿ ದಾರಿ:
ನಾನು ಭೌತಶಾಸ್ತ್ರ ಓದಿದವಳಲ್ಲ, ಅದ್ವೈತ ಪಾಠ ಕೇಳಿದವಳು. ಈ ಫಾರ್ವರ್ಡ್‌ಗಳಿಂದ ವಿಜ್ಞಾನಕ್ಕಿಂತ ವೇದಾಂತಕ್ಕೇ ಜಾಸ್ತಿ ಅನ್ಯಾಯ ಆಗುತ್ತಿದೆ ಅನ್ನಿಸುತ್ತದೆ.

ಮುಂಡಕ ಉಪನಿಷತ್ತಿನಲ್ಲಿ ಎರಡು ಹಕ್ಕಿಗಳು ಬರುತ್ತವೆ. ಒಂದೇ ಮರ. ಒಂದು ಹಕ್ಕಿ ಹಣ್ಣು ತಿನ್ನುತ್ತದೆ, ಇನ್ನೊಂದು ಬರೀ ನೋಡುತ್ತದೆ. ಆ ನೋಡುವ ಹಕ್ಕಿಯೇ ಸಾಕ್ಷಿ. ಅದು ನೋಡಿದ್ದರಿಂದ ಹಣ್ಣಿನ ರುಚಿ ಬದಲಾಗುವುದಿಲ್ಲ, ಟೊಂಗೆ ಅಲ್ಲಾಡುವುದಿಲ್ಲ. ಏನೂ ಮಾಡದವನೇ ಸಾಕ್ಷಿ. ನೀವು ಹೇಳುವ ಅಳತೆಯಾದರೋ ವಸ್ತುವನ್ನು ತಟ್ಟಿಬಿಡುತ್ತದೆ. ಹಾಗಾದರೆ ಇವೆರಡೂ ಒಂದೇ ಹೇಗೆ? ತದ್ವಿರುದ್ಧ ಅಲ್ವಾ?

ಹಗ್ಗ-ಹಾವಿನ ಕಥೆಯನ್ನೂ ಹೀಗೇ ಎಳೆಯುತ್ತಾರೆ. ಅಲ್ಲಿ ಇದ್ದಿದ್ದು ಮೊದಲಿಂದಲೂ ಹಗ್ಗವೇ. ದೀಪ ತಂದರೆ ಹಾವು ಹೋಗುತ್ತದೆ, ಹಗ್ಗ ಇದ್ದ ಹಾಗೇ ಇರುತ್ತದೆ.

ಲ್ಯಾಬ್ ಕೋಟು:
ಮೇಡಂ, ಇದನ್ನು ಬರೆದಿಟ್ಟುಕೊಂಡೆ. ಕ್ವಾಂಟಮ್‌ನಲ್ಲಿ ‘ಮೊದಲಿಂದಲೂ ಹಗ್ಗವೇ’ ಅಂತ ಅಷ್ಟು ಸುಲಭವಾಗಿ ಹೇಳೋಕಾಗಲ್ಲ. ಉತ್ತರ ಕಣದೊಳಗೆ ಗುಟ್ಟಾಗಿ ಮೊದಲೇ ಇತ್ತು, ದೂರದ ಯಾವುದೂ ಅದನ್ನು ತಟ್ಟಲಿಲ್ಲ ಅನ್ನುವ ಸರಳ ವಿವರಣೆ ಪ್ರಯೋಗದ ಮುಂದೆ ನಿಲ್ಲಲಿಲ್ಲ. 2022ರ ನೊಬೆಲ್ ಆಸ್ಪೆ, ಕ್ಲೌಸರ್, ಝೈಲಿಂಗರ್‌ಗೆ ಬಂದಿದ್ದು ಈ ಸಾಲಿನ ಪ್ರಯೋಗಗಳಿಗೇ.

ಗರುಡಗಂಬ:
ಸರಿ, ಸಾಕ್ಷಿ ಬೇರೆ ಅಂತ ಒಪ್ಪಿದೆ. ಹೋಲಿಕೆ ಕೊಂಡಿ ಹಾಕಿದ ಹಾಗೆ ಕೂರಬೇಕು ಅಂತ ಏನಿದೆ? ಎಲ್ಲವೂ ಎಲ್ಲದರ ಜೊತೆ ಹೆಣೆದುಕೊಂಡಿದೆ ಅನ್ನುವ ಭಾವನೆ ಎರಡೂ ಕಡೆ ಇದೆಯಲ್ಲ?

ಹಳೇ ಮೇಷ್ಟ್ರು:
ಅದನ್ನು ನಂಬಿ ಭೌತವಿಜ್ಞಾನಿ ಕಾಪ್ರಾ ಕೈ ಸುಟ್ಟುಕೊಂಡ. ನೀವು ಹೇಳಿದ ನಟರಾಜನ ಪಕ್ಕದ ಫಲಕದಲ್ಲಿ ಅವನದೇ ಮಾತಿದೆ. ಭೌತಶಾಸ್ತ್ರ ಮತ್ತು ಚೀನಾದ ತಾವೋ ತತ್ತ್ವದ ಬಗ್ಗೆ ಅವನ ಪುಸ್ತಕ ಬಂದಿದ್ದು 1975ರಲ್ಲಿ. ಆಗ ಅವನು ಆತುಕೊಂಡಿದ್ದು ಬೂಟ್‌ಸ್ಟ್ರಾಪ್ ಅನ್ನುವ ಸಿದ್ಧಾಂತವನ್ನು. ಮೂಲಕಣ ಅಂತ ಯಾವುದೂ ಇಲ್ಲ, ಒಂದರಿಂದ ಒಂದು ಆಗಿವೆ ಅಂತ. ಪ್ರತಿ ಮಣಿಯಲ್ಲೂ ಉಳಿದ ಮಣಿಗಳೆಲ್ಲ ಕಾಣುವ ಬೌದ್ಧರ ಇಂದ್ರನ ಬಲೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ 1974ರ ನವೆಂಬರ್‌ನಲ್ಲೇ ಜೆ-ಸೈ ಕಣ ಸಿಕ್ಕಿತ್ತು. ಕ್ವಾರ್ಕ್ ಅನ್ನುವ ಮೂಲಕಣಗಳಿವೆ ಅನ್ನುವ ವಾದ ಗೆದ್ದಿತು, ಬೂಟ್‌ಸ್ಟ್ರಾಪ್ ಮೂಲೆಗೆ ಸರಿಯಿತು. ಈಗ ಬೌದ್ಧಮತ ಸೋತಿತು ಅನ್ನುತ್ತೀರಾ? ಇಲ್ಲ ತಾನೇ. ಹಾಗಾದರೆ ಭೌತಶಾಸ್ತ್ರ ಗೆದ್ದಾಗ ಅದೂ ಗೆದ್ದಿತು ಅನ್ನಬೇಡಿ.

ಇನ್ನೊಬ್ಬ ಭೌತವಿಜ್ಞಾನಿ ಬೋಮ್ ಕಥೆ ಇನ್ನೂ ಮಜ. ಜಿಡ್ಡು ಕೃಷ್ಣಮೂರ್ತಿ ಜೊತೆ ವರ್ಷಗಟ್ಟಲೆ ಕೂತು ಮಾತಾಡಿದವನು. 1952ರಲ್ಲಿ ಅವನು ಕೊಟ್ಟ ಸಿದ್ಧಾಂತದಲ್ಲಿ ನೋಡುವವನಿಗೆ ವಿಶೇಷ ಕುರ್ಚಿಯೇ ಇಲ್ಲ. ನೋಡಲಿ ಬಿಡಲಿ, ಕಣ ಒಂದು ಜಾಗದಲ್ಲಿ ಇದ್ದೇ ಇರುತ್ತದೆ.

ಕಿಟಕಿ ಸೀಟು:
ನೀವೆಲ್ಲ ದೊಡ್ಡ ಮಾತಾಡುತ್ತಿದ್ದೀರಿ. ನಮ್ಮ ಮನೆಗೆ ಕ್ವಾಂಟಮ್ ಬಂದಿದ್ದು 4,500 ರೂಪಾಯಿಗೆ. ಅಮ್ಮ ಮಂಡಿನೋವಿಗೆ ಅಂತ ಒಂದು ಶಿಬಿರಕ್ಕೆ ಹೋಗಿ ‘ಕ್ವಾಂಟಮ್ ಪ್ರಾಣಶಕ್ತಿ’ ಪದಕ ತಂದರು. ಕರೀ ಬಿಲ್ಲೆ, ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಮೇಲೆ ಓಂ. ಮೂರು ತಿಂಗಳಿಂದ ಮಾಂಗಲ್ಯದ ಪಕ್ಕ ನೇತಾಡುತ್ತಿದೆ. ಮಂಡಿ ಹಾಗೇ ಇದೆ.

ಲ್ಯಾಬ್ ಕೋಟು:
ಮೊದಲು ಅದನ್ನು ತೆಗೆಸಿ. ತಮಾಷೆ ಅಲ್ಲ. ಇಂಥ ಕೆಲವು ಬಿಲ್ಲೆಗಳಲ್ಲಿ ವಿಕಿರಣ ಸೂಸುವ ಖನಿಜದ ಪುಡಿ ಇರುತ್ತದೆ. ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಸಂಸ್ಥೆ 2021ರ ಡಿಸೆಂಬರ್‌ನಲ್ಲಿ 10 ವಸ್ತುಗಳ ಹೆಸರು ಹೇಳಿ, ಹಾಕಿಕೊಳ್ಳಬೇಡಿ ಅಂತ ಎಚ್ಚರಿಸಿತ್ತು. ನಿಮ್ಮದರಲ್ಲಿ ಇದೆಯೋ ಇಲ್ಲವೋ ನೋಡಿ ಹೇಳೋಕಾಗಲ್ಲ, ವಿಕಿರಣ ಅಳೆಯುವ ಗೈಗರ್ ಕೌಂಟರ್ ಹಿಡಿಯಬೇಕು. ಅಲ್ಲಿವರೆಗೆ ಮೈಗೆ ತಾಗದ ಹಾಗೆ ಡಬ್ಬಿಯಲ್ಲಿ ಹಾಕಿ ದೂರ ಇಡಿ.

ಗರುಡಗಂಬ:
ಈ ವ್ಯಾಪಾರಕ್ಕೆ ನನ್ನದೂ ವಿರೋಧ ಇದೆ, ದಯವಿಟ್ಟು ನನ್ನನ್ನು ಆ ಸಾಲಿಗೆ ಸೇರಿಸಬೇಡಿ.

ಶೃಂಗೇರಿ ದಾರಿ:
ಸೇರಿಸಲ್ಲ ಸರ್. ಅಮ್ಮನಿಗೆ ಬಿಲ್ಲೆ ಸುಳ್ಳು ಅಂತ ನೇರವಾಗಿ ಹೇಳಬೇಡಿ, ಬೇಜಾರಾಗುತ್ತಾರೆ. ಡಾಕ್ಟರು ತೆಗೆಯೋಕೆ ಹೇಳಿದರು ಅನ್ನಿ.

ಕಿಟಕಿ ಸೀಟು:
ಡಾಕ್ಟರ ಮಾತು ಕೇಳುವವರಾಗಿದ್ದರೆ ಆ ಶಿಬಿರಕ್ಕೆ ಯಾಕೆ ಹೋಗುತ್ತಿದ್ದರು? ಸ್ನಾನಕ್ಕೆ ಹೋದಾಗ ಎತ್ತಿಡುತ್ತೇನೆ.

ದಾವಣಗೆರೆ ಬೆಣ್ಣೆ:
ಎರಡು ಹಕ್ಕಿಗಳ ಮಾತನ್ನು ದೊಡ್ಡಪ್ಪನಿಗೆ ಕಳಿಸಿದೆ. ಎರಡು ನೀಲಿ ಗೀಟು ಬಿದ್ದಿವೆ, ಇನ್ನೂ ಉತ್ತರ ಇಲ್ಲ.